ಮಂಚಮ್ಮನ ಇಪ್ಪತ್ತೊಂದು ರೂಪಾಯಿ

"ಆ ದುಡ್ಡ ಮುಟ್ಬ್ಯಾಡ ಕಣವ್ವ. ತಕ್ಕಂಡೋರ್ನ ಅದು ಕೂರಕ್ ಬುಡಾಕಿಲ್ಲ."

ಜಗಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಪುಟ್ಟಮಲ್ಲಮ್ಮ ಇದೇ ಮಾತನ್ನು ಮೂರನೆಯ ಸಲ ಹೇಳಿದಾಗ ಮಾಲಿನಿಗೆ ನಗು ತಡೆಯಲಾಗಲಿಲ್ಲ.

"ಕೂರೋಕೆ ನನಗೆ ಪುರುಸೊತ್ತಾದರೂ ಎಲ್ಲಿದೆ ಅಜ್ಜಿ?" ಎನ್ನುತ್ತಾ ಮಡಕೆಯೊಳಗೆ ಕೈ ಹಾಕಿದಳು. ಬೆರಳಿಗೆ ತಗುಲಿದ ಬೆಳ್ಳಿ ಅಷ್ಟು ಸುಡುಬಿಸಿಲಿನಲ್ಲೂ ತಣ್ಣಗೆ ಕೊರೆಯುತ್ತಿತ್ತು.

ಸತ್ಯಮಂಗಲದಲ್ಲಿ ಮಾಲಿನಿಗೆ ಹಳೆಯ ನಾಣ್ಯಗಳ ವ್ಯಾಪಾರ. ಹನ್ನೆರಡು ವರ್ಷದಿಂದ ಅದೇ ಕಸುಬು. ತಾಳವಾಡಿಯ ಬೆಟ್ಟ ಹತ್ತಿದ್ದು ಮಾತ್ರ ಇದೇ ಮೊದಲು. ಪಣಕಹಳ್ಳಿಯ ಉಮಾಶಂಕರ್ ಮೊಬೈಲಿಗೆ ಕಳಿಸಿದ್ದ ಒಂದು ಚಿತ್ರ ಅವಳನ್ನು ಇಲ್ಲಿಗೆ ಎಳೆದು ತಂದಿತ್ತು. ಹೊಸ ಮನೆ ಕಟ್ಟಿಸಲೆಂದು ಹಳೆಯ ಹೊಸ್ತಿಲು ಕೀಳಿಸಿದಾಗ ಅದರಡಿಯಲ್ಲಿ ಬಾಯಿ ಕಟ್ಟಿದ ಮಡಕೆಯೊಂದು ಸಿಕ್ಕಿತ್ತು. ಒಳಗೆ ಇಪ್ಪತ್ತೊಂದು ಬೆಳ್ಳಿ ರೂಪಾಯಿ.

ಮಾಲಿನಿ ಒಂದೊಂದನ್ನೇ ಒರೆಸಿ ಬೆಳಕಿಗೆ ಹಿಡಿದಳು. ಎಲ್ಲವೂ ಸಾವಿರದ ಒಂಬೈನೂರ ಹನ್ನೊಂದರವು. ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಕೊರೆದ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ ಮರುವರ್ಷವೇ ತಿದ್ದಿಸಿಕೊಂಡ ಅಚ್ಚು. ವ್ಯಾಪಾರದವರು 'ಹಂದಿ ರೂಪಾಯಿ' ಎನ್ನುವುದು ಇದನ್ನೇ. ಒಂದೊಂದಾಗಿ ಸಿಗುವುದುಂಟು. ಒಂದೇ ಮಡಕೆಯಲ್ಲಿ ಇಪ್ಪತ್ತೊಂದನ್ನು ಅವಳು ಕಂಡಿರಲಿಲ್ಲ.

ಒಂದನ್ನು ಜಗಲಿಯ ಕಲ್ಲಿನ ಮೇಲೆ ಚಿಮ್ಮಿ ಕಿವಿಗೊಟ್ಟಳು. ಅಸಲಿ ಬೆಳ್ಳಿಯಾದರೆ ಗಂಟೆಯ ಹಾಗೆ ನಾದ ಎಳೆಯಬೇಕು. ಇದು ಹಸಿ ಮಣ್ಣಿನ ಮೇಲೆ ಬರಿಗಾಲಿಟ್ಟಂತೆ ಸದ್ದು ಮಾಡಿತು. ತೂಕ ನೋಡಿದಳು, ಸರಿಯಿತ್ತು. ಅಂಚು ಉಜ್ಜಿದಳು, ಬೆಳ್ಳಿಯೇ. ಎಷ್ಟೋ ವರ್ಷ ಮಣ್ಣಿನಲ್ಲಿದ್ದದ್ದು, ಹಾಗಿರಬಹುದು ಎಂದುಕೊಂಡಳು.

"ಮೇಡಂ, ಬೇಗ ಮುಗ್ಸಿ. ನೀವ್ ಕೊಟ್ಟಷ್ಟು ಕೊಡಿ," ಎಂದ ಉಮಾಶಂಕರ್.

ಅವಳು ಬಂದಾಗಿನಿಂದ ಅವನು ಕೂತಿರಲಿಲ್ಲ. ಕಂಬದಿಂದ ಬಾಗಿಲಿಗೆ, ಬಾಗಿಲಿನಿಂದ ಕಂಬಕ್ಕೆ ಹೆಜ್ಜೆ ಹಾಕುತ್ತಲೇ ಇದ್ದ. ಪಾದಗಳು ಊದಿ, ಚಪ್ಪಲಿಯ ಪಟ್ಟಿ ಚರ್ಮದೊಳಕ್ಕೆ ಹೂತುಹೋಗಿತ್ತು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗಿಳಿದಿತ್ತು. ಚೌಕಾಸಿಯೇ ಮಾಡದ ಮಾರಾಟಗಾರನನ್ನು ಕಂಡರೆ ಯಾರಿಗಾದರೂ ಅನುಮಾನ ಬರಬೇಕು. ಮಾಲಿನಿಗೆ ಬಂದದ್ದು ಸಂತೋಷ.

"ಉಮಾ, ಬ್ಯಾಡ ಕಣ್ಲಾ," ಎಂದಳು ಪುಟ್ಟಮಲ್ಲಮ್ಮ. "ನಮ್ ಮನೆ ಪಾಪ ಊರೋರ್ ತಲೆಗ್ಯಾಕ್ಲಾ ಕಟ್ಟೀಯೆ?"

"ನೀ ಸುಮ್ಕಿರು ದೊಡ್ಡವ್ವ. ಒಂಬತ್ತ್ ದಿನ ಆಯ್ತು. ಒಂಬತ್ತ್ ದಿನ!"

ಮುದುಕಿ ಮಾಲಿನಿಯ ಕಡೆ ತಿರುಗಿದಳು. "ಕೇಳವ್ವ. ಮಂಚಮ್ಮ ಅಂತ ಒಬ್ಳಿದ್ಳಂತೆ. ಗಂಡ ಸತ್ತೋಳು. ಈಗ ನಮ್ ಜ್ವಾಳದ್ ಒಲ ಅದಲ್ಲ, ಅಲ್ಲೇ ಅವ್ಳ ಗುಡ್ಲು. ನಮ್ ಮಾವ್ನೋರ ಅಪ್ಪ ಇಪ್ಪತ್ತೊಂದು ರೂಪಾಯ್ ತಕ್ಕ, ಜಾಗ ಬುಡು ಅಂದ. ಅವ್ಳು ಬುಡ್ನಿಲ್ಲ. ಮಾಟ್ಗಾರನ್ ಕರ್ಸಿ ಅದೇ ರೂಪಾಯ್ಗೆ ಮಂತ್ರ ಆಕ್ಸಿ ಅವ್ಳ ಮಡ್ಲಿಗ್ ಸುರುದ್ರು. ಅವತ್ತಿಂದ ಅವ್ಳು ಕೂರ್ನಿಲ್ಲ. ನಡುದು ನಡುದು, ತಿಗನಾರೆ ಆದೀಲಿ ಮರಕ್ಕ್ ಒರಗ್ಕಂಡೇ ಸತ್ಳು. ರೂಪಾಯ್ ಮಾತ್ರ ವಾಪಸ್ ನಮ್ ಮನೇಗೇ ಬಂತು, ಮಡ್ಕೇಲ್ ಕಟ್ಟಿ ಒಸ್ಲಡಿ ಊತ್ರಂತೆ. ನಮ್ಮತ್ತೆ ಏಳಿದ್ದು."

"ಹೆದರಿಸಿ ಬೆಲೆ ಏರಿಸೋದು ನನಗೂ ಗೊತ್ತು ಅಜ್ಜಿ," ಎಂದು ಮಾಲಿನಿ ನೋಟಿನ ಕಟ್ಟನ್ನು ಉಮಾಶಂಕರನ ಕೈಗಿಟ್ಟಳು.

ಹಣ ಅಂಗೈ ಮುಟ್ಟಿದ್ದೇ ತಡ, ಅವನ ಮಂಡಿಗಳು ಮಡಚಿದವು. ಗೋಡೆಗೆ ಬೆನ್ನು ಜಾರಿಸಿಕೊಂಡು ಜಗಲಿಯ ಮೇಲೆ ಕುಸಿದು ಕೂತ. ನೋಟುಗಳು ತೊಡೆಯಿಂದ ಉದುರಿದವು. ಅವನ್ನು ನೋಡಲೂ ಇಲ್ಲ. ಎರಡೂ ಕೈಯಿಂದ ನೆಲ ತಡವುತ್ತಾ ಬಿಕ್ಕಿ ಬಿಕ್ಕಿ ಅಳತೊಡಗಿದ. ಪುಟ್ಟಮಲ್ಲಮ್ಮ ಮುಖ ತಿರುಗಿಸಿಕೊಂಡಳು.

ಮಾಲಿನಿ ಹೊರಟಾಗ ಗಂಟೆ ಮೂರಾಗಿತ್ತು.

ತಾಳವಾಡಿ ದಾಟುವವರೆಗೂ ಏನೂ ಅನ್ನಿಸಲಿಲ್ಲ. ಆಮೇಲೆ ಸೀಟಿನಲ್ಲೇನೋ ಒತ್ತಿದಂತಾಯಿತು. ಸರಿದು ಕೂತಳು. ಮತ್ತೆ ಒತ್ತಿತು. ಕಾರಿನೊಳಗೆ ವಾಸನೆ ಎದ್ದಿತು. ಹರಳೆಣ್ಣೆ, ಒಲೆಬೂದಿ, ಒಗೆಯದ ಸೀರೆಯ ಮುಗ್ಗಲು. ಕಿಟಕಿ ಇಳಿಸಿದಳು, ಹೋಗಲಿಲ್ಲ. ಕಾಡಿನ ರಸ್ತೆಗೆ ಬಂದಾಗ ಅವಳ ತೊಡೆಯಡಿಯ ಸೀಟು ಸೀಟಿನಂತಿರಲಿಲ್ಲ. ತೆಳ್ಳಗೆ, ಉದ್ದಕ್ಕೆ, ಎರಡು ಎಲುಬುಗಳು. ತುದಿಯಲ್ಲಿ ಎರಡು ಮಂಡಿಚಿಪ್ಪು.

ಅವಳು ಯಾರದೋ ತೊಡೆಯ ಮೇಲೆ ಕೂತಿದ್ದಳು.

ಕಾರು ಎಡಕ್ಕೆ ಹೊರಳಿತು. ಬ್ರೇಕ್ ಒತ್ತಿ ಹೊರಗೆ ಹಾರಿದಳು. ಸೀಟು ನೋಡಿದಳು. ಖಾಲಿ. ಕೈಯಿಂದ ಒತ್ತಿದಳು. ಮೆತ್ತಗಿತ್ತು. ತನಗೆ ತಾನೇ ಬೈದುಕೊಂಡು ಮತ್ತೆ ಕೂತಳು. ತೊಡೆ. ಹಸಿ ಸೀರೆಯ ತಣ್ಣನೆ ತೊಡೆ. ಬೆನ್ನಿಗೆ ಮುದಿ ಎದೆಗೂಡು ತಾಗಿ ಏರಿತು, ಇಳಿಯಿತು.

ಹಾಸನೂರಿನವರೆಗೆ ಅರ್ಧ ನಿಂತುಕೊಂಡೇ, ಸ್ಟಿಯರಿಂಗಿಗೆ ಜೋತುಬಿದ್ದು ಓಡಿಸಿದಳು. ಟೀ ಅಂಗಡಿಯ ಬೆಂಚು ಕಂಡು ಓಡಿಹೋಗಿ ಕೂತಳು. ತೊಡೆ. ಮುರುಕು ಕುರ್ಚಿಗೆ ಹೋದಳು. ತೊಡೆ. ರಸ್ತೆಬದಿಯ ಮೈಲಿಗಲ್ಲು. ಅಲ್ಲೂ ಯಾರೋ ಮೊದಲೇ ಕೂತಿದ್ದರು. ಬರಿ ನೆಲಕ್ಕೆ ಕುಕ್ಕರಿಸಿದಳು. ನೆಲವೇ ಮಂಡಿಯಾಗಿ ಎದ್ದು ಬಂತು.

"ಎನ್ನಮ್ಮಾ, ಮೈ ಸರಿಗಿಲ್ವಾ?" ಎಂದು ಅಂಗಡಿಯವನು ಕೇಳಿದ. ಅವಳು ಚೀಲದಿಂದ ರೂಪಾಯಿಗಳ ಗಂಟು ತೆಗೆದು ರಸ್ತೆಯಾಚೆಯ ಪೊದೆಗೆ ಎಸೆದಳು. ತಿರುಗಿ ನೋಡಿದರೆ ಚೀಲ ಅಷ್ಟೇ ಭಾರವಾಗಿತ್ತು. ಒಳಗೆ ಕೈಯಿಟ್ಟಳು. ಗಂಟು ಅಲ್ಲೇ ಇತ್ತು.

ಅವಳು ಕಾಡಿನಂಚಿನ ರಸ್ತೆಯಲ್ಲಿ ಹೋದಳು, ಬಂದಳು, ಹೋದಳು, ಬಂದಳು. ಕಾಲಿನ ನರಗಳು ಹರಿದುಹೋಗುವಂತೆ ಜಗ್ಗುತ್ತಿದ್ದವು. ಒಂದು ಗಂಟೆಗೇ ಹೀಗೆ. ಉಮಾಶಂಕರ್ ಒಂಬತ್ತು ದಿನ ಹೇಗೆ ತಡೆದ? ಅಷ್ಟರಲ್ಲಿ ಕಿವಿಯ ಪಕ್ಕವೇ ಒಂದು ಒಣಗಿದ ದನಿ ಕೇಳಿತು. ಅದರಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು.

"ನಾನ್ ಎಲ್ ಕೂರ್ಲವ್ವ?"

"ಎಲ್ಲಾದರೂ ಹಾಳಾಗಿ ಹೋಗು!"

"ಎಲ್ ಕೂರ್ಲಿ? ಜಾಗ ತೋರ್ಸು."

"ನನ್ನ ಮನೆಗೆ ಹೋಗು! ಅಲ್ಲಿ ಕೂತ್ಕೋ! ನಾನೇ ಕಳಿಸಿದೆ ಅಂತ ಹೇಳು, ನನ್ನನ್ನು ಬಿಡು!"

ವಾಸನೆ ಅಡಗಿತು. ಮರಗಳಲ್ಲಿ ಹಕ್ಕಿಗಳ ಸದ್ದು ಮತ್ತೆ ಕೇಳಿಸಿತು. ಮಾಲಿನಿ ಬೆಂಚಿನ ಮೇಲೆ ಕೂತಳು. ಮರದ ಹಲಗೆ. ಬರೀ ಹಲಗೆ. ಟೀ ಕುಡಿದಳು. ಇನ್ನೊಂದು ಕುಡಿದಳು. ಯಾವುದೋ ವಿಷದ ಬೆಳ್ಳಿ, ತಲೆಗೆ ಹತ್ತಿರಬೇಕು ಎಂದು ತನಗೇ ಹೇಳಿಕೊಂಡಳು. ಕಾರು ಹತ್ತಿದಾಗ ಹಾಡು ಹಾಕಿಕೊಳ್ಳುವಷ್ಟು ಧೈರ್ಯ ಬಂದಿತ್ತು.

ದಿಂಬಂ ಸೇರಿ, ಘಟ್ಟ ಇಳಿಯುವ ಮೊದಲ ತಿರುವು ಕಾಣುತ್ತಿದ್ದಂತೆ ಫೋನು ಬಂತು. ಗಂಡ ಚಂದ್ರು. ಬೈಕಿನಿಂದ ಬಿದ್ದು ತೊಡೆಮೂಳೆ ಮುರಿದು, ಒಳಗೆ ಸರಳು ಹಾಕಿಸಿಕೊಂಡು ಮೂರು ವಾರವಾಗಿತ್ತು. ಪಾದ ನೆಲಕ್ಕೂರಬಾರದೆಂದು ಡಾಕ್ಟರ್ ಹೇಳಿದ್ದರು.

"ಮಾಲಿನಿ, ಯಾರೋ ಅಜ್ಜಿ ಬಂದಿದ್ದಾರೆ."

ಅವಳು ಕಾರು ನಿಲ್ಲಿಸಿದಳು.

"ನೀನು ಕಳಿಸಿದ್ದಂತೆ. ಮಂಚದ ಮೇಲೆ ಕೂತಿದ್ದಾರೆ."

"ನೀವು ಎಲ್ಲಿದ್ದೀರಿ?"

ಫೋನಿನಲ್ಲಿ ಏದುಸಿರು ಕೇಳುತ್ತಿತ್ತು. ಅದರ ಹಿಂದೆ ಇನ್ನೊಂದು ಸದ್ದು. ಒಂದು ಕಾಲು ಊರಿದ್ದು. ಇನ್ನೊಂದು ಕಾಲು ಎಳೆದದ್ದು. ಊರಿದ್ದು. ಎಳೆದದ್ದು. ಒಳಗೆ ಏನೋ ಕರಕರ ಮಸೆದದ್ದು.

"ನಡೀತಾ ಇದ್ದೀನಿ," ಎಂದ ಚಂದ್ರು. "ಕುರ್ಚಿ ಮೇಲೂ ಅವರೇ ಇದ್ದಾರೆ. ಮೆಟ್ಟಿಲ ಮೇಲೂ. ನೋವು ತಡೆಯೋಕಾಗ್ತಿಲ್ಲ ಮಾಲಿನಿ. ನಿಲ್ಲೋಕೂ ಆಗ್ತಿಲ್ಲ. ಎದ್ದೇಳೋಕೆ ಹೇಳು. ನಿನ್ನ ಮಾತು ಕೇಳ್ತಾರೆ, ಹೇಳು."

ಎದುರಿಗೆ ಕಣಿವೆ. ಕೆಳಗೆ ಮನೆ. ಅವಳು ಕೂತಿದ್ದಳು. ಆರಾಮಾಗಿ, ಮೆತ್ತನೆಯ ಸೀಟಿನಲ್ಲಿ. ಆ ಒಂದು ಕ್ಷಣ ಬೆನ್ನನ್ನು ಸೀಟಿಗೆ ಇನ್ನಷ್ಟು ಒತ್ತಿದಳು. ಫೋನಿನಲ್ಲಿ ಮೂಳೆ ಮತ್ತೆ ಮಸೆಯಿತು.

"ಮಂಚಮ್ಮ!" ಎಂದು ಕಿರುಚಿದಳು. "ಅಲ್ಲಿಂದೇಳು! ದುಡ್ಡು ನನ್ನ ಹತ್ರ ಇದೆ. ನನ್ನ ಹತ್ರ ಬಾ!"

ಫೋನಿನಲ್ಲಿ ಧೊಪ್ಪೆಂದು ಬಿದ್ದ ಸದ್ದಾಯಿತು. ಚಂದ್ರುವಿನ ಕೂಗು. ಅದೇ ಗಳಿಗೆಗೆ ಅವಳ ತೊಡೆಯಡಿ ಎರಡು ಮಂಡಿಗಳು ಎದ್ದವು.

ಹೊರಗೆ ಬಿದ್ದು, ನಡೆಯುತ್ತಲೇ ಪಕ್ಕದ ಮನೆಯ ಬಿಂದುಶ್ರೀಗೆ ಫೋನು ಮಾಡಿ ಚಂದ್ರುವನ್ನು ಆಸ್ಪತ್ರೆಗೆ ಸಾಗಿಸಲು ಹೇಳಿದಳು. ಇನ್ನು ಕಾರು ಓಡಿಸುವಂತಿರಲಿಲ್ಲ. ತಾಳವಾಡಿ ಕಡೆಗೆ ಖಾಲಿ ಹೋಗುತ್ತಿದ್ದ ತರಕಾರಿ ಟೆಂಪೊಗೆ ಕೈ ಅಡ್ಡ ಹಾಕಿ, ಚೀಲ ಹಿಡಿದು ಹಿಂದೆ ಹತ್ತಿದಳು. ಮುಂದೆ ಕೂರಿ ಎಂದು ಡ್ರೈವರ್ ಎಷ್ಟು ಕರೆದರೂ ಒಲ್ಲೆನೆಂದಳು. ಕೊಳೆತ ಕೋಸಿನ ವಾಸನೆಯಲ್ಲಿ ಹಗ್ಗ ಹಿಡಿದು, ಆ ಚೂರು ಜಾಗದಲ್ಲೇ ಹೆಜ್ಜೆ ಬದಲಿಸುತ್ತಾ ದಾರಿಯುದ್ದಕ್ಕೂ ನಿಂತೇ ಬಂದಳು. ಹರಳೆಣ್ಣೆಯ ವಾಸನೆಯೂ ಪಕ್ಕದಲ್ಲೇ ಬಂತು.

ಪಣಕಹಳ್ಳಿ ಸೇರಿದಾಗ ಹೊತ್ತು ಮುಳುಗುತ್ತಿತ್ತು. ಜಗಲಿಯ ಮೇಲೆ ಮುದ್ದೆ ಉಣ್ಣುತ್ತಿದ್ದ ಉಮಾಶಂಕರ್ ಅವಳನ್ನು ಕಂಡು ತಟ್ಟೆ ಬಿಟ್ಟು ಗೋಡೆಗೆ ಒತ್ತಿಕೊಂಡ.

"ನಾನ್ ಮತ್ತೆ ಕೊಂಡ್ಕಳಾಕಿಲ್ಲ ಮೇಡಂ! ಕಾಲಿಗ್ ಬೀಳ್ತೀನಿ!"

"ನಿಮಗೆ ಮಾರೋಕೆ ಬಂದಿಲ್ಲ." ಅಂಗಳದಲ್ಲಿ ಸುತ್ತುತ್ತಲೇ ಮಾಲಿನಿ ಪುಟ್ಟಮಲ್ಲಮ್ಮನ ಕಡೆ ನೋಡಿದಳು. "ಅಜ್ಜಿ, ಅವಳು ಜಾಗ ಕೇಳ್ತಿದ್ದಾಳೆ. ಎಲ್ಲಿ ಕೂರಲಿ ಅಂತಿದ್ದಾಳೆ."

ಮುದುಕಿಯ ಕೈ ಎದೆಗೆ ಹೋಯಿತು. "ಕೇಳದ್ಳಾ? ಬಾಯ್ ಬುಟ್ಟು ಕೇಳದ್ಳಾ?" ಕೋಲೂರಿ ಎದ್ದಳು. "ಉಮಾ, ಗುದ್ಲಿ ತಕ್ಕ. ಗುಡ್ಲಿದ್ ಜಾಗ ಬುಟ್ಟುಕೊಡು."

"ದೊಡ್ಡವ್ವ, ಅಲ್ಲೇ ಬೋರ್ ಇರದು. ಒಲಕ್ಕೆಲ್ಲ ಅಲ್ಲಿಂದ್ಲೇ ನೀರು."

"ಬೋರ್ ಮುಚ್ಚು. ಇಲ್ದಿದ್ರೆ ನೀನೇ ಈ ಎಣ್ಮಗಳ ಕೂಡ ನಡಿ. ನೀ ಮಾರಿದ್ದು ಕಣ್ಲಾ. ಗೊತ್ತಿದ್ದೂ ಮಾರಿದ್ದು."

ಉಮಾಶಂಕರ್ ಮಾಲಿನಿಯ ಪಾದಗಳನ್ನು ನೋಡಿದ. ಆಗಲೇ ಊದತೊಡಗಿದ್ದವು. ತಲೆ ತಗ್ಗಿಸಿ ಗುದ್ದಲಿ ತಂದ.

ಮೂವರೂ ಜೋಳದ ಹೊಲಕ್ಕೆ ಹೋದರು. ತಿಗನಾರೆ ಕಡೆ ಆನೆ ಓಡಿಸಲು ಹಚ್ಚಿದ ಪಟಾಕಿಗಳು ಢಂ ಎನ್ನುತ್ತಿದ್ದವು. ಒಣಗುತ್ತಿದ್ದ ಗರಿಗಳು ಗಾಳಿಯಿಲ್ಲದೆಯೂ ಸರಸರ ಎನ್ನುತ್ತಿದ್ದವು. ಕತ್ತಲು ಕಟ್ಟುತ್ತಿತ್ತು. ಉಮಾಶಂಕರ್ ಬೋರಿನ ಪಕ್ಕ ಅಗೆದ. ಎರಡಡಿಗೆ ಒಲೆಗಲ್ಲು ಸಿಕ್ಕಿತು. ಕಪ್ಪು ಮಸಿ ಇನ್ನೂ ಅಂಟಿತ್ತು. ಅವನು ಗುದ್ದಲಿ ಬಿಟ್ಟು ಹಿಂದೆ ಸರಿದ.

"ಬಾಯ್ ಬುಟ್ಟು ಏಳು," ಎಂದಳು ಪುಟ್ಟಮಲ್ಲಮ್ಮ.

"ಮಂಚವ್ವ," ಎಂದ ಅವನು. "ಇದು ನಿನ್ ಜಾಗ. ನಾವ್ ಕಿತ್ಕಂಡಿದ್ದು. ವಾಪಸ್ ಕೊಟ್ಟೀವಿ. ಬೋರೂ ಮುಚ್ಚೀನಿ."

ಮಾಲಿನಿ ಗಂಟು ಬಿಚ್ಚಿ ರೂಪಾಯಿಗಳನ್ನು ಗುಂಡಿಗೆ ಸುರಿದಳು. "ಇದು ಬೆಲೆ ಅಲ್ಲ ಮಂಚಮ್ಮ. ಇದಕ್ಕೆ ಯಾರೂ ಬೆಲೆ ಕಟ್ಟೋ ಹಾಗಿಲ್ಲ. ಕೂತ್ಕೋ. ದಮ್ಮಯ್ಯ, ಕೂತ್ಕೋ."

ಗರಿಗಳ ಸದ್ದು ನಿಂತಿತು. ಪಟಾಕಿ ನಿಂತಿತು. ಹರಳೆಣ್ಣೆಯ ವಾಸನೆ ಮೂಗಿಗೆ ಅಡರಿತು. ಒಂದು ಹೆಜ್ಜೆ. ಇನ್ನೊಂದು. ಅಗೆದ ಮಣ್ಣಿನ ಅಂಚು ಕುಸಿಯಿತು. ಒಲೆಗಲ್ಲಿನ ಪಕ್ಕದ ಜೋಳದ ದಂಟುಗಳು ಒಂದು ಚಾಪೆಯಗಲಕ್ಕೆ ತಾವೇ ಬಾಗಿ ನೆಲಕ್ಕೊರಗಿದವು. ದಿನವಿಡೀ ದುಡಿದು ಬಂದವರು ಸೊಂಟ ಹಿಡಿದು ಕೂರುವಾಗ ಬಿಡುವಂಥ ಒಂದು ಉಸಿರು, ಅಷ್ಟು ಉದ್ದದ ಉಸಿರು, ಅವರ ಮುಂದೆಯೇ ಹೊರಬಿತ್ತು.

"ಉಸ್ಸಪ್ಪಾ..."

ಮಾಲಿನಿಯ ಮಂಡಿಗಳು ಮಡಚಿದವು. ಕೂತಾಗ ಕೆಳಗೆ ಸಿಕ್ಕಿದ್ದು ಬರೀ ಮಣ್ಣು.

ಚಂದ್ರುವಿನ ತೊಡೆಯೊಳಗಿನ ಸರಳು ಬಾಗಿಹೋಗಿತ್ತು. ಆಸ್ಪತ್ರೆಯಲ್ಲಿ ಮತ್ತೆ ಕೊಯ್ದು ಬೇರೆ ಹಾಕಿದರು. ಕಾಲು ಎರಡಂಗುಲ ಗಿಡ್ಡವಾಗಿಯೇ ಉಳಿಯುತ್ತದೆಂದು ಹೇಳಿದರು. ಮಂಪರು ಇಳಿದು ಅವನು ಕಣ್ಣು ಬಿಟ್ಟದ್ದು ಎರಡನೆಯ ದಿನದ ಬೆಳಿಗ್ಗೆ. ಮಾಲಿನಿ ಮಂಚದ ಪಕ್ಕದ ಕುರ್ಚಿಯಲ್ಲಿದ್ದಳು. ಅವನು ಅವಳ ಕಡೆ ತಿರುಗಿದ.

"ಮೊದಲು ಭಯ ಆಯ್ತು," ಎಂದ. "ಬಾಗಿಲು ಹಾಕಿದ ಹಾಗೇ ಇತ್ತು, ಆದರೂ ಆ ಅಜ್ಜಿ ಒಳಗೆ ನಿಂತಿದ್ದರು. ಆದರೆ ನೀನು ಕಳಿಸಿದ್ದು ಅಂದರಲ್ಲ. ನೀನೇ ಕಳಿಸಿದ ಮೇಲೆ ಬೇಡ ಅನ್ನೋಕಾಗುತ್ತಾ? ಸರಿದು ಜಾಗ ಕೊಟ್ಟೆ."

ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದ.

ಕುರ್ಚಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಮಾಲಿನಿಗೆ ಅಲ್ಲಿ ಕೂತಿರಲು ಆಗಲಿಲ್ಲ. ಎದ್ದು ಆಸ್ಪತ್ರೆಯ ಉದ್ದನೆಯ ಕಾರಿಡಾರಿಗೆ ಬಂದಳು. ಆ ತುದಿಯವರೆಗೆ ನಡೆದಳು. ತಿರುಗಿದಳು. ಮತ್ತೆ ನಡೆದಳು.