ಮೂವತ್ತೊಂದು ಸೆಕೆಂಡಿನ ಗುನುಗು

"ನನ್ನ ಮೂವತ್ತೊಂದು ಸೆಕೆಂಡ್ ಎಲ್ಲಿ?"

ಓಡೆಟ್ ಎಂದಿನಂತೆ ಟೊಪ್ಪಿ ತೆಗೆಯದೆ ಒಳಗೆ ಬಂದಳು. ಕೆಲಸ ಮುಗಿದ ಕೂಡಲೇ ಹೊರಡುವವಳು. ವಿನ್ನಿಪೆಗ್‌ನಲ್ಲಿ ಅಂದು ಮೈನಸ್ ಇಪ್ಪತ್ತೆಂಟು. ಅವಳ ದನಿ ಅದಕ್ಕಿಂತ ಎರಡು ಡಿಗ್ರಿ ಕೆಳಗಿತ್ತು!

ಗಾಯಕ ಎವರೆಟ್ ಫ್ರೀಸೆನ್ ಗಿಟಾರ್‌ನಿಂದ ತಲೆ ಎತ್ತಿದ. "ಕಾಫಿ ತಣ್ಣಗಾಗ್ತಿದೆ..."

ಮಾತು ತಪ್ಪಿಸಬೇಕಾದಾಗಲೆಲ್ಲ ಅವನು ಹೇಳುವುದು ಅದನ್ನೇ.

"ಗೋಡೆ ನೋಡು, ಫ್ರೀಸೆನ್!"

ಗೋಡೆಯ ತುಂಬ ಅವಳ ಚೀಟಿಗಳು. ಅವನ ಹಾಡಿನ ವಿಡಿಯೊಗೆ ಅವಳು ಕಟ್ಟಿದ ಕಥೆ. ಮೊದಲ ಚರಣ: ಹೆಪ್ಪುಗಟ್ಟಿದ ನದಿಯ ಮೇಲೊಬ್ಬ ಸ್ಕೇಟ್ ಮಾಡುತ್ತಾನೆ. ಪಲ್ಲವಿ: ಅವನಿಗೆ ಆಚೆ ದಡ ಬೇಕು. ಎರಡನೆಯ ಚರಣ: ಮಂಜುಗಡ್ಡೆಗೆ ಬಿರುಕು. ಆಮೇಲೆ ಕೆಂಪು ಚೀಟಿ: ಬಿಕ್ಕಟ್ಟು, ಮೂವತ್ತೊಂದು ಸೆಕೆಂಡ್. ಕೊನೆಗೆ ಅದೇ ಪಲ್ಲವಿ.

ಅವನು ಮೊದಲು ಕಳಿಸಿದ್ದ ಕಚ್ಚಾ ಹಾಡಿನಲ್ಲಿ ಆ ಬಿಕ್ಕಟ್ಟಿನ ಜಾಗಕ್ಕೆ ಪದಗಳಿರಲಿಲ್ಲ, ಬರೀ ಗುನುಗಿದ್ದ. ಪದ ಸಿಗದಾಗ ಹಾಡುಗಾರರೆಲ್ಲ ಮಾಡುವುದು ಹಾಗೆಯೇ. ಕೊರಳಲ್ಲಿ ನೇತಾಡುವ ಸ್ಟಾಪ್‌ವಾಚ್ ಹಿಡಿದು ಅವಳು ಆ ಗುನುಗನ್ನು ಅಳೆದಿದ್ದಳು. ಇಂದು ಬೆಳಿಗ್ಗೆ ಬಂದ ಅಂತಿಮ ಹಾಡಿನಲ್ಲಿ ಆ ಭಾಗವೇ ಇಲ್ಲ: ಪದವೂ ಇಲ್ಲ, ಗುನುಗೂ ಇಲ್ಲ. ಶನಿವಾರ ಚಿತ್ರೀಕರಣ!

"ಚರಣ ಎರಡಿದ್ರೂ ನಿನ್ನ ಹಾಡು ಕುಂಟ್ತಿದೆ."

ಎವರೆಟ್ ಮೂಗೇರಿಸಿ ಥೇಟ್ ಅವಳ ದನಿ ತೆಗೆದ. "'ಬಯಕೆ! ಅಡ್ಡಿ! ಬಿಕ್ಕಟ್ಟು! ಬದಲಾವಣೆ!' ಮೂರೂವರೆ ನಿಮಿಷಕ್ಕೆ ಇಷ್ಟೆಲ್ಲ ಬೇಕಾ, ನಿರ್ದೇಶಕಿಯವರೇ?"

ಅವಳು ನಗಲಿಲ್ಲ.

'ಇವನಿಗೆ ನನ್ನ ಕಥೆ ಹಿಡಿಸಿಲ್ಲ... ನೇರ ಹೇಳೋ ಧೈರ್ಯ ಇಲ್ಲ!'

"ವಿಡಿಯೊ ಬೇರೆ ಯಾರಾದ್ರೂ ತೆಗೀಲಿ. ಬಿಕ್ಕಟ್ಟಿಲ್ಲದ ಕಥೆ ನನ್ನ ಕೈಲಾಗಲ್ಲ."

ಒಂದೊಂದೇ ಚೀಟಿ ಕಿತ್ತಳು. ಕೆಂಪು ಚೀಟಿಗೆ ಕೈ ಹಾಕಿದಾಗ ಅದರ ಇನ್ನೊಂದು ತುದಿಯನ್ನು ಅವನು ಹಿಡಿದಿದ್ದ.

"ಇದನ್ನ ಕೀಳಬೇಡ."

"ಹಾಗಾದ್ರೆ ಹಾಡು."

"ಪದ... ಸಿಕ್ಕಿದೆ. ಚೆನ್ನಾಗಿಲ್ಲ."

"ಹಾಡು!" ಸ್ಟಾಪ್‌ವಾಚ್ ಒತ್ತಿದಳು.

ಅವನು ನೆಲ ನೋಡುತ್ತಾ ಹಾಡಿದ. ಶ್ರುತಿ ಎರಡು ಕಡೆ ತಪ್ಪಿತು.

ಊರಿನ ಹಾಡೆಲ್ಲ ಗೊತ್ತು ಅವಳ ಕೊರಳ ಗಡಿಯಾರಕ್ಕೆ,
ಗೊತ್ತಿಲ್ಲ... ಮೂರು ಚಳಿಗಾಲದಿಂದ ಒಬ್ಬ
ಎರಡು ಕಪ್ ಕಾಫಿ ಮಾಡಿಟ್ಟು ಕೂತಿದ್ದಾನೆಂದು.

ಹಾಡು ನಿಂತಿತು. ಸ್ಟಾಪ್‌ವಾಚ್ ನಿಲ್ಲಲಿಲ್ಲ. ಒತ್ತುವುದನ್ನು ಅವಳು ಮರೆತಿದ್ದಳು.

ಮೇಜಿನ ಮೇಲೆ ಎರಡು ಕಪ್‌ಗಳಿದ್ದವು. ಎಂದೂ ಎರಡೇ ಇರುತ್ತಿದ್ದವು...

"ಯಾಕೆ ತೆಗೆದುಹಾಕಿದೆ?"

"ನೀನು ಎಲ್ಲರೆದುರು ಕೇಳ್ತೀಯ. ಆಮೇಲೆ ಏನಾಗುತ್ತೋ ಅಂತ ಹೆದರಿಕೆ ಆಯ್ತು."

"ಕೊನೇ ಚೀಟೀಲಿ ಬರೆದಿದ್ನಲ್ಲ, ಪೆದ್ದ! ಅದೇ ಪಲ್ಲವಿ. ಪದ ಬದಲಾಗಲ್ಲ... ಕೇಳೋರು ಬದಲಾಗಿರ್ತಾರೆ."

ಕೆಂಪು ಚೀಟಿಯನ್ನು ಮತ್ತೆ ಅಂಟಿಸಿದಳು. ಟೊಪ್ಪಿ ತೆಗೆದಳು. ಮೂರು ಚಳಿಗಾಲದಲ್ಲಿ ಮೊದಲ ಸಲ.

ಎವರೆಟ್ ಒಂದು ಕಪ್ಪನ್ನು ಅವಳತ್ತ ಸರಿಸಿದ.

"ಕಾಫಿ ತಣ್ಣಗಾಗ್ತಿದೆ, ಓಡೆಟ್..."

"ಆಗ್ಲಿ ಬಿಡು," ಎಂದಳು, ಅವನ ಪಕ್ಕದಲ್ಲಿ ಕೂರುತ್ತಾ. "ಇನ್ನೊಂದ್ಸಲ ಹಾಡು. ಈ ಸಲ ಅಳೆಯಲ್ಲ."