ಎರಡನೇ ಬೀಗ

ಹಿಟ್ಟು ಕಲಸುವ ಯಂತ್ರದ ಹೊಟ್ಟೆಯಿಂದ ಎಲೆಕ್ಟ್ರಿಷಿಯನ್ ಇಲ್ವಾ ತೆವಳಿಕೊಂಡು ಹೊರಗೆ ಬಂದಾಗ ಅವಳ ಹುಬ್ಬು, ರೆಪ್ಪೆಗಳೆಲ್ಲ ರೈ ಧಾನ್ಯದ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಸುಟ್ಟುಹೋಗಿದ್ದ ತಂತಿ ಬದಲಾಯಿಸಿ ಆಗಿತ್ತು. ಗೋಡೆಯ ಮೇಲಿನ ಐಸೋಲೇಟರ್ ಹತ್ತಿರ ಹೋಗಿ ತನ್ನ ಕೆಂಪು ಬೀಗ ತೆಗೆದಳು. ಇನ್ನು ಅದರ ಹಿಡಿ ತಿರುಗಿಸಿದರೆ ಯಂತ್ರಕ್ಕೆ ಕರೆಂಟು.

ಹಿಡಿ ಅಲುಗಲಿಲ್ಲ. ಅದರಲ್ಲಿ ಇನ್ನೊಂದು ಬೀಗ ನೇತಾಡುತ್ತಿತ್ತು, ನೀಲಿಯದು. ಬೀಗದ ಚೀಟಿಯಲ್ಲಿ ಹೆನ್ನಿಂಗನ ಫೋಟೋ ನಗುತ್ತಿತ್ತು.

"ಮತ್ತೆ ಇವನು," ಎಂದಳು ಇಲ್ವಾ.

ಆ ಒಣರೊಟ್ಟಿ ಕಾರ್ಖಾನೆಯಲ್ಲಿ ಯಂತ್ರದೊಳಗೆ ಕೈ ಹಾಕುವ ಪ್ರತಿಯೊಬ್ಬರೂ ಐಸೋಲೇಟರ್‌ಗೆ ತಮ್ಮದೇ ಬೀಗ ಹಾಕಿ, ಕೀಲಿಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಒಬ್ಬರ ಬೀಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹೆನ್ನಿಂಗ್ ಒಲೆಗಳ ಮೆಕ್ಯಾನಿಕ್. ಕಲಸುವ ಯಂತ್ರದಲ್ಲಿ ಅವನಿಗೇನು ಕೆಲಸ? ಆದರೂ ಚಳಿಗಾಲದಿಂದ ಇಲ್ವಾ ಯಾವ ಯಂತ್ರದೊಳಗೆ ಇಳಿದರೂ ಅವಳ ಬೀಗದ ಪಕ್ಕದಲ್ಲಿ ಅವನದೂ ಬಂದು ಕೂರುತ್ತಿತ್ತು. ಅವಳು ಹೊರಬರುವ ಹೊತ್ತಿಗೆ ಅವನೇ ಬಂದು ತೆಗೆದುಕೊಂಡು, ಏನೂ ಆಗಿಲ್ಲವೆಂಬ ಹಾಗೆ ಹೋಗಿಬಿಡುತ್ತಿದ್ದ.

ಅವಳಿಗೆ ಅದು ಒಂದೇ ಅರ್ಥ ಕೊಟ್ಟಿತ್ತು: ಹೊಸ ಎಲೆಕ್ಟ್ರಿಷಿಯನ್, ಅದರಲ್ಲೂ ಹೆಂಗಸು, ಸರಿಯಾಗಿ ಕರೆಂಟು ತೆಗೆದಿದ್ದಾಳೋ ಇಲ್ಲವೋ ಎಂಬ ಅನುಮಾನ. ಜಗಳ ಆಡುವ ಸ್ವಭಾವ ಅವಳದಲ್ಲ. ಸುಮ್ಮನೆ ಮೇಲ್ವಿಚಾರಕಿ ಗುನ್ನೆಲ್ ಹತ್ತಿರ ಹೋಗಿ, ಫಾಲೂನ್ ಶಾಖೆಗೆ ವರ್ಗ ಕೇಳಿದ್ದಳು. "ಶುಕ್ರವಾರ ಸಂಜೆವರೆಗೂ ಯೋಚನೆ ಮಾಡು. ಆಮೇಲೆ ನಾನು ಅವರಿಗೆ ಹೇಳಿಬಿಡ್ತೀನಿ," ಎಂದಿದ್ದರು ಗುನ್ನೆಲ್. ಇವತ್ತು ಶುಕ್ರವಾರ.

ಹೆನ್ನಿಂಗನಿಗೆ ಮಧ್ಯಾಹ್ನದಿಂದ ರಜೆ. ಫೋನ್ ಮಾಡಿದರೆ ಅದು ಅವನ ಲಾಕರಿನೊಳಗೇ ಬಡಿದುಕೊಂಡಿತು.

"ಬೀಗ ಕತ್ತರಿಸಿ ಹಾಕೋಣ," ಎಂದಳು ಇಲ್ವಾ, ಗುನ್ನೆಲ್ ಹತ್ತಿರ ಹೋಗಿ.

"ಅವನನ್ನ ಕಣ್ಣಾರೆ ಕಾಣೋವರೆಗೂ ಆಗಲ್ಲಮ್ಮ. ಒಳಗೆಲ್ಲೋ ಸಿಕ್ಕಿಕೊಂಡಿದ್ರೆ?" ಗುನ್ನೆಲ್ ತೊಟ್ಟಿಯಲ್ಲಿ ಉಬ್ಬುತ್ತಿದ್ದ ಹುಳಿಹಿಟ್ಟನ್ನು ನೋಡಿದರು. "ಕೆರೆ ದಡಕ್ಕೆ ಹೋಗಿರ್ತಾನೆ, ದೋಣಿ ನೀರಿಗಿಳಿಸೋಕೆ. ನೀನೇ ಹೋಗಿ ಹಿಡ್ಕೊಂಡು ಬಾ. ಹಾಗೇ ಮುಖ ತೊಳ್ಕೊ."

ಇಲ್ವಾ ಮುಖ ತೊಳೆಯದೆ ಹೊರಟಳು.

ದಡದಲ್ಲಿ ಬರ್ಚ್ ಮರಗಳು ಆಗತಾನೆ ಚಿಗುರಿದ್ದವು. ಹೆನ್ನಿಂಗ್ ಪ್ಯಾಂಟು ಮಡಚಿ, ದೋಣಿಗೆ ಬಣ್ಣ ಬಳಿಯುತ್ತಾ ನಿಂತಿದ್ದ. ಅವಳನ್ನು ಕಂಡದ್ದೇ ಅವನ ಮುಖ ಅರಳಿತು. ಮರುಕ್ಷಣ ಕೈ ಜೇಬಿಗೆ ಹೋಯಿತು. ಅರಳಿದ ಮುಖ ಕೆಂಪಾಯಿತು.

"ಅಯ್ಯೋ. ಕೀಲಿ."

"ಹೌದು, ಕೀಲಿ. ಹಿಟ್ಟು ತೊಟ್ಟಿ ಬಿಟ್ಟು ಹೊರಗೆ ಬರ್ತಾ ಇದೆ. ನೀನಿಲ್ಲಿ ದೋಣಿಗೆ ಸಿಂಗಾರ ಮಾಡ್ತಾ ಇದೀಯ."

"ನಿನ್ನ ಹುಬ್ಬಲ್ಲೂ ಸ್ವಲ್ಪ ಹಿಟ್ಟು…"

"ನನ್ನ ಹುಬ್ಬಿನ ವಿಷಯ ಬಿಡು. ಗಾಡಿ ಹತ್ತು."

ದಾರಿಯಲ್ಲಿ ಅವಳೇ ಬಾಯಿಬಿಟ್ಟಳು. "ಇವತ್ತು ಕೇಳಿಬಿಡ್ತೀನಿ. ಹಿಡಿ ತಿರುಗಿಸಿ ಕರೆಂಟು ತೆಗೆಯೋಕೂ ನನಗೆ ಬರಲ್ಲ ಅಂದ್ಕೊಂಡಿದೀಯ?"

"ಯಾರು ಹೇಳಿದ್ದು?"

"ನಿನ್ನ ಬೀಗ ಹೇಳ್ತು. ಚಳಿಗಾಲದಿಂದ ಅದೇ ಹೇಳ್ತಾ ಇದೆ. ಅದಕ್ಕೇ ಫಾಲೂನ್‌ಗೆ ಹೋಗ್ತಾ ಇದೀನಿ. ಇವತ್ತು ಸಂಜೆ ಗುನ್ನೆಲ್ ತಿಳಿಸ್ತಾರೆ."

ಹೆನ್ನಿಂಗ್ ಕಿಟಕಿಯ ಕಡೆ ತಿರುಗಿಕೊಂಡ. ಬಣ್ಣ ಮೆತ್ತಿದ ಕೈ ಸೀಟಿಗೆ ತಾಗದಂತೆ ದಾರಿಯುದ್ದಕ್ಕೂ ಎತ್ತಿಯೇ ಹಿಡಿದಿದ್ದ. ಕೋಪದ ನಡುವೆಯೂ ಅದು ಇಲ್ವಾಳ ಕಣ್ಣಿಗೆ ಬಿತ್ತು.

ಕಾರ್ಖಾನೆಯಲ್ಲಿ ಎಲ್ಲರೂ ಕಾಫಿ ಲೋಟ ಹಿಡಿದು ಯಂತ್ರದ ಸುತ್ತ ನಿಂತಿದ್ದರು. ಹೆನ್ನಿಂಗ್ ಬೀಗ ತೆಗೆದ. ಗುನ್ನೆಲ್ ಅವನನ್ನು ತಡೆದರು.

"ನಿಲ್ಲಪ್ಪ. ನಿನ್ನ ಬೀಗ ಅಲ್ಲಿ ಯಾಕಿತ್ತು? ಒಳಗೆ ನಿನಗೆ ಕೆಲಸ ಇತ್ತಾ?"

ಇತ್ತು ಎಂದರೆ ಅವನು ಪಾರಾಗುತ್ತಿದ್ದ. ಆದರೆ ಆಗ, ಒಳಗೆ ಇನ್ನೊಬ್ಬನ ಕೆಲಸ ಮುಗಿದಿದೆಯೇ ಎಂದು ವಿಚಾರಿಸದೆ ಇಲ್ವಾ ಯಂತ್ರ ಶುರು ಮಾಡಲು ಹೋದಳೆಂದು ಆಗುತ್ತಿತ್ತು. ತಪ್ಪು ಅವಳ ತಲೆಗೆ ಬರುತ್ತಿತ್ತು. ಇಲ್ವಾ ಅವನ ಬಾಯನ್ನೇ ನೋಡುತ್ತಿದ್ದಳು.

"ಇರ್ಲಿಲ್ಲ," ಎಂದ ಹೆನ್ನಿಂಗ್. "ಕೆಲಸ ಅವಳದೊಂದೇ. ಅವಳ ಕೆಲಸದಲ್ಲಿ ಒಂದು ದಿನವೂ ತಪ್ಪು ಕಂಡಿಲ್ಲ."

"ಮತ್ತೆ?"

"ಅವಳು ಒಳಗಿದ್ದಾಗ ನನಗೆ ಕೈಕಾಲು ಆಡಲ್ಲ. ಒಂದು ಕೀಲಿ ನನ್ನ ಜೇಬಲ್ಲೂ ಇದ್ರೆ, ನಾನು ಹೂಂ ಅನ್ನೋವರೆಗೂ ಯಾರೂ ಯಂತ್ರ ತಿರುಗಿಸೋ ಹಾಗಿಲ್ಲ ಅಂತ ಸಮಾಧಾನ. ಅಷ್ಟೇ. ಇವತ್ತು ಅವಳು ಹೊರಗೆ ಬರೋ ಮುಂಚೆ ದೋಣಿ ಕೆಲಸಕ್ಕೆ ಹೊರಟುಬಿಟ್ಟೆ, ಬೀಗ ತೆಗೆಯೋದು ಮರೆತೇ ಹೋಯ್ತು."

ಯಾರೋ ಕಿಸಕ್ಕೆಂದರು. ಒಲೆಯ ಹತ್ತಿರ ನಿಂತಿದ್ದ ಮುದುಕ ಸಿಗ್ವರ್ಡ್ ಕೇಳಿದ, "ನಾನು ಇಪ್ಪತ್ತು ವರ್ಷದಿಂದ ಒಳಗಿಳೀತಾ ಇದೀನಿ ಕಣೋ. ನನಗೆ ಒಂದು ದಿನಾನೂ ಹಾಕ್ಲಿಲ್ವಲ್ಲ?"

ಎಲ್ಲರೂ ನಕ್ಕರು. ಗುನ್ನೆಲ್ ಮಾತ್ರ ಗದರಿದರು: "ಕೆಲಸ ಇಲ್ಲದ ಕಡೆ ಇನ್ನೊಂದು ಸಲ ಬೀಗ ಹಾಕಿದ್ರೆ ನಿನ್ನನ್ನೇ ಹೊರಗೆ ಹಾಕ್ತೀನಿ. ಬನ್ರಪ್ಪಾ, ಹಿಟ್ಟು ಕಾಯ್ತಾ ಇದೆ." ಹಾಗೆಂದು ಉಳಿದವರನ್ನೆಲ್ಲ ತೊಟ್ಟಿಯ ಕಡೆಗೆ ಅಟ್ಟಿಕೊಂಡು ಹೋದರು. ಹಿಂತಿರುಗಿ ನೋಡಲಿಲ್ಲ. ಬೇರೆಯವರಿಗೆ ನೋಡಲೂ ಬಿಡಲಿಲ್ಲ.

ಗೋಡೆಯ ಬಳಿ ಇಬ್ಬರೇ ಉಳಿದರು.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ," ಎಂದಳು ಇಲ್ವಾ.

"ಏನಂತ ಕೇಳಲಿ? ಬಾಯಿ ತೆರೆದ್ರೆ ಎಲ್ಲಾ ಹೊರಗೆ ಬಂದುಬಿಡ್ತಿತ್ತು."

"ಇವತ್ತು ಬಂತಲ್ಲ. ಅದೂ ಊರಿಗೆಲ್ಲ ಕೇಳೋ ಹಾಗೆ."

"ನೀನು ಫಾಲೂನ್‌ಗೆ ಹೋಗೋದಾದ್ರೆ ಹೋಗು," ಎಂದ ಅವನು ಮೆಲ್ಲಗೆ. "ನಿನ್ನ ಕೈ ಕೆಲಸ ಚೆನ್ನಾಗಿದೆ ಅಂತ ನಾನೇ ಅವರಿಗೆ ಹೇಳ್ತೀನಿ. ನಾನು ಅನುಮಾನ ಪಟ್ಟೆ ಅಂದ್ಕೊಂಡು ಮಾತ್ರ ಹೋಗಬೇಡ."

ಇಲ್ವಾ ತೊಟ್ಟಿಯ ಕಡೆ ತಿರುಗಿ ಕೂಗಿದಳು. "ಗುನ್ನೆಲ್, ಫಾಲೂನ್‌ಗೆ ಫೋನ್ ಮಾಡಬೇಡಿ."

"ಮಾಡೋಳೇ ಅಲ್ಲ ನಾನು," ಎಂದು ಅಲ್ಲಿಂದಲೇ ಉತ್ತರ ಬಂತು.

ಹೆನ್ನಿಂಗ್‌ಗೆ ಬಣ್ಣದ ಕೈಯನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಇಲ್ವಾ ಆ ಕೈಯನ್ನು ಹಿಡಿದುಕೊಂಡಳು.

"ನೋಡು, ನನ್ನ ಬಗ್ಗೆ ಚಿಂತೆ ಆದ್ರೆ ಹತ್ತಿರ ಬಂದು ಕೇಳು."

"ಏನಂತ?"

"ಮೊದಲು, ಊಟ ಆಯ್ತಾ ಅಂತ."

"ಊಟ ಆಯ್ತಾ ಇಲ್ವಾ?"

"ಎಲ್ಲಿ ಆಯ್ತು? ನಿನ್ನನ್ನ ಹುಡುಕೋದ್ರಲ್ಲೇ ಮಧ್ಯಾಹ್ನ ಕಳೀತು. ನಡಿ, ಏನಾದ್ರೂ ಕೊಡಿಸು."