ಅವನು ಮರೆತ ಪ್ರಶ್ನೆ

"ನನ್ನನ್ನ ಮದುವೆ ಆಗ್ತೀರಾ?"

ಅಂಗಡಿಗಳಿಗೆ ಬೋರ್ಡ್ ಬರೆಯುವವನು ಹೀಗೆ ಕೇಳಿದಾಗ ಅವಳು ಕೇಕಿನ ಮೇಲೆ ಗುಲಾಬಿ ಬಿಡಿಸುತ್ತಿದ್ದಳು. ಕೈ ಜಾರಿ ಗುಲಾಬಿ ಕ್ರೀಮಿನ ಮುದ್ದೆಯಾಯಿತು.

ಅವನು ಐವತ್ತು ದಾಟಿದವನು. ಪಾರ್ಕಿನ್ಸನ್ ಕಾಯಿಲೆಯಿಂದ ಬಲಗೈ ನಡುಗಿ, ಬ್ರಷ್ ಹಿಡಿಯುವುದನ್ನೇ ಬಿಟ್ಟಿದ್ದ. ಅವಳು ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೇಕರಿ ನಡೆಸುತ್ತಿದ್ದವಳು. "ಕೇಕ್ ಮೇಡಂ, ಇವತ್ತು ಅಕ್ಷರ ಸೊಟ್ಟಗಿದೆ" ಎಂದು ಅವನು ದಿನವೂ ಬೇಕರಿಗೆ ಬಂದು ರೇಗಿಸುತ್ತಿದ್ದ. ಕಣ್ಣು ಮಾತ್ರ ಅಕ್ಷರದ ಮೇಲೆ ಇರುತ್ತಿರಲಿಲ್ಲ.

ಗಾಬರಿಯಲ್ಲಿ ಅವಳು ನಕ್ಕುಬಿಟ್ಟಳು. ಅವನೂ ನಕ್ಕಂತೆ ಮಾಡಿ ಹೊರಟ. ಮತ್ತೆ ಬರಲಿಲ್ಲ.

ಕೆಲವು ವಾರಗಳ ನಂತರ ಅವನ ಅಕ್ಕ ಬಂದಳು. "ಊಟ ಬಿಟ್ಟಿದಾನೆ, ಮಾತು ಬಿಟ್ಟಿದಾನೆ. ಆಸ್ಪತ್ರೆಗೆ ಸೇರಿಸಿದೀವಿ. ನಿಮ್ಮ ದನಿ ಕೇಳಿದ್ರಾದ್ರೂ ಕಣ್ಣು ಬಿಡ್ತಾನೇನೋ, ಬನ್ನಿ."

ಅವಳು ಹೋಗಿ ಮಾತಾಡಿಸಿದರೂ ಅವನು ಕಣ್ಣು ಬಿಡಲಿಲ್ಲ. ಕೊರಡಿನಂತೆ ಬಿಗಿದ ಅವನ ತೋಳನ್ನು ಮುಟ್ಟಿ ನೋಡಿದಳು. ಹೊರಗೆ ಬಂದು, "ನಾನು ನಕ್ಕಿದ್ದಕ್ಕೇ ಹೀಗಾಯ್ತು ಡಾಕ್ಟ್ರೇ" ಎಂದಳು.

"ಒಂದು ನಗುವಿನಿಂದ ಇಷ್ಟೆಲ್ಲ ಆಗಲ್ಲಮ್ಮ. ಪಾರ್ಕಿನ್ಸನ್ ಇರೋರಲ್ಲಿ ಖಿನ್ನತೆ ಬರೋದು ಅಪರೂಪವೇನಲ್ಲ. ಮಾತ್ರೆ ನಾಟ್ತಿಲ್ಲ. ಇಸಿಟಿ ಕೊಡೋಣ ಅಂತಿದೀವಿ."

"ಕರೆಂಟ್ ಶಾಕಾ?" ಅಕ್ಕ ಎದೆ ಹಿಡಿದುಕೊಂಡಳು. "ಮೊದಲೇ ಬಡಕಲು ಜೀವ!"

"ಅರಿವಳಿಕೆ ಕೊಟ್ಟು ನಿದ್ದೆ ಮಾಡಿಸ್ತೀವಿ. ಹೃದಯ, ಉಸಿರು ಎಲ್ಲ ಗಮನಿಸ್ತಾ ಇರ್ತೀವಿ. ಮೈಯ ಬಿಗಿತವೂ ಸ್ವಲ್ಪ ಸಡಿಲ ಆಗಬಹುದು. ಆದರೆ ಇತ್ತೀಚಿನ ಕೆಲವು ನೆನಪು ಅಳಿಸಿಹೋಗಬಹುದು."

ಅಕ್ಕ ಅವಳ ಮುಖ ನೋಡಿದಳು. ಯಾವ ನೆನಪು ಹೋಗಬಹುದೆಂದು ಅವಳಿಗೊಬ್ಬಳಿಗೇ ಗೊತ್ತಿತ್ತು. ಅವಳ ಮೊದಲ ಮದುವೆಯನ್ನು ಮನೆಯವರೇ ಗೊತ್ತುಮಾಡಿದ್ದರು. 'ನಿನಗೆ ಇಷ್ಟವಾ' ಎಂದು ಯಾರೂ ಕೇಳಿರಲಿಲ್ಲ. ಕೇಳಿದವನು ಇವನೊಬ್ಬನೇ.

"ಹೋದರೆ ಹೋಗಲಿ ಅಕ್ಕಾ. ಅವರು ಉಳಿದರೆ ಸಾಕು."

ಅಕ್ಕ ಒಪ್ಪಿದಳು. ಮೂರನೇ ಸಲದ ಚಿಕಿತ್ಸೆ ಮುಗಿದ ದಿನ ಅವನು ನೀರು ಕೇಳಿದ. ಆಮೇಲೆ ಚಮಚ ಹಿಡಿದ. ಮನೆಗೆ ಬಂದ ಮೇಲೆ ಒಂದು ಸಂಜೆ ಅವಳು ತಂದ ಕೇಕ್ ನೋಡಿ, "ಅಕ್ಷರ ಇನ್ನೂ ಸೊಟ್ಟಗೇ ಇದೆಯಲ್ಲ, ಮೇಡಂ!" ಎಂದ.

ಅವಳಿಗೆ ನಗು, ಅಳು ಒಟ್ಟಿಗೇ ಬಂದವು.

"ಕೊನೇ ಸಲ ಬೇಕರಿಗೆ ಬಂದಾಗ ಏನು ಕೇಳಿದ್ರಿ, ನೆನಪಿದೆಯಾ?"

"ಇಲ್ಲ. ಸಾಲ ಏನಾದ್ರೂ ಕೇಳಿದ್ನಾ?"

"ಮದುವೆ ಆಗ್ತೀರಾ ಅಂದ್ರಿ."

ಅವನ ಕಿವಿ ಕೆಂಪಾಯಿತು. "ನಾನಾ? ಅಷ್ಟು ಧೈರ್ಯ ಎಲ್ಲಿಂದ ಬಂತು ನನಗೆ! ನೀವೇನಂದ್ರಿ?"

"ಏನೂ ಅನ್ನಲಿಲ್ಲ, ಪೆದ್ದಿ ಹಾಗೆ ನಕ್ಕೆ. ಅದಕ್ಕೇ ಈಗ ನಾನೇ ಕೇಳ್ತಿದೀನಿ. ನನ್ನನ್ನ ಮದುವೆ ಆಗ್ತೀರಾ?"

ಅವನು ತಲೆ ತಗ್ಗಿಸಿದ. "ನನ್ನ ಕಾಯಿಲೆ ಹೋಗಿಲ್ಲ. ಈ ಖಿನ್ನತೆ ಮತ್ತೆ ಬರಬಹುದು. ಈ ಮಾತೂ ಮರೆತುಹೋದ್ರೆ?"

"ಮರೆತರೆ ಮತ್ತೆ ಕೇಳ್ತೀನಿ. ನನ್ನ ಬಾಯಿಗೇನು ಬೀಗ ಬಿದ್ದಿದೆಯಾ?"

ಅವನು ಮೆಲ್ಲಗೆ ತಲೆ ಎತ್ತಿ ಅವಳನ್ನೇ ನೋಡಿದ. ಆಮೇಲೆ ಅಡುಗೆಮನೆಯತ್ತ ತಿರುಗಿ ಕೂಗಿದ. "ಅಕ್ಕಾ, ಬೇಗ ಬಾ!"

ಒದ್ದೆ ಕೈಯಲ್ಲೇ ಓಡಿಬಂದ ಅಕ್ಕನಿಗೆ ಹೇಳಿದ: "ನಾನು ಹೂಂ ಅಂತಿದೀನಿ. ನನ್ನ ತಲೇನ ನಂಬೋ ಹಾಗಿಲ್ಲ, ನೀನು ನೆನಪಿಟ್ಟುಕೋ."